ನಿಮಗಿದು ಗೊತ್ತೇ? ಮಿದುಳಿನ ಗೆಡ್ಡೆಯೊಳಗೆ ರಕ್ತನಾಳ ಒಡೆದಾಗ

ಮಿದುಳಿನ ಗೆಡ್ಡೆ ಎಂದರೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಕಾಯಿಲೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಬಹುಪಾಲು ಅದು ನಿಜ. ಆದರೆ ಕೆಲವರಿಗೆ ತಮ್ಮ ತಲೆಯಲ್ಲಿ ಗೆಡ್ಡೆಯಿದೆ ಎಂದು ಗೊತ್ತಾಗುವುದೇ ಅದರೊಳಗೆ ರಕ್ತ ಸೋರಿದ ದಿನ. ಬೆಳಿಗ್ಗೆ ತಿಂಡಿ ತಿಂದು ಕೆಲಸಕ್ಕೆ ಹೋದವರು ಮಧ್ಯಾಹ್ನದ ಹೊತ್ತಿಗೆ ತುರ್ತು ಚಿಕಿತ್ಸಾ ವಿಭಾಗದಲ್ಲಿರುತ್ತಾರೆ. ‘ಲಕ್ವ ಹೊಡೆದಿರಬೇಕು’ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಈ ಸಲದ ಅಂಕಣ ಆ ಕೆಲವು ಗಂಟೆಗಳ ಬಗ್ಗೆ, ಆ ಗಂಟೆಗಳಲ್ಲಿ ಜೀವ ಉಳಿಸುವುದನ್ನು ಒಂದೊಂದಾಗಿ ಕಲಿತುಕೊಂಡವರ ಬಗ್ಗೆ.

● ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗಿರುವುದು ಮೂರೇ: ಮಿದುಳು, ರಕ್ತ, ಮಿದುಳನ್ನು ಸುತ್ತುವರಿದ ತಿಳಿ ದ್ರವ. ಹೊಸದೇನಾದರೂ ಒಳಗೆ ಸೇರಿದರೆ ಈ ಮೂರರಲ್ಲಿ ಒಂದು ಜಾಗ ಬಿಡಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಜಾರ್ಜ್ ಕೆಲ್ಲಿ 1824ರಲ್ಲಿ ಹೇಳಿದ ಈ ಲೆಕ್ಕವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಿಧಾನಕ್ಕೆ ಬೆಳೆಯುವ ಗೆಡ್ಡೆಗೆ ದ್ರವ ಸ್ವಲ್ಪ ಸ್ವಲ್ಪವೇ ಸರಿದು ಎಡೆ ಮಾಡಿಕೊಡುತ್ತದೆ. ಹಾಗಾಗಿಯೇ ನಾಲ್ಕೈದು ಸೆಂಟಿಮೀಟರ್ ಅಗಲದ ಗೆಡ್ಡೆ ಇದ್ದೂ ಕೆಲವರು ಆರಾಮವಾಗಿ ಓಡಾಡಿಕೊಂಡಿರುತ್ತಾರೆ. ಒಡೆದ ರಕ್ತನಾಳ ಮಾತ್ರ ಅಷ್ಟು ಸಮಯ ಕೊಡುವುದಿಲ್ಲ.

● ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ಕತ್ತರಿಸಿದರೂ ನೋಯದ ಅಂಗ ಅದು. ರಕ್ತ ಸೋರಿದಾಗ ಸಿಡಿಯುವಂಥ ತಲೆನೋವು ಬರುವುದು ಮಿದುಳಿನ ಹೊದಿಕೆ ಮತ್ತು ದೊಡ್ಡ ರಕ್ತನಾಳಗಳು ಎಳೆತಕ್ಕೆ ಸಿಕ್ಕುವುದರಿಂದ.

● ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು. ಆದರೆ ಹೃದಯ ಪ್ರತಿ ನಿಮಿಷ ಅದಕ್ಕೆ ಸುಮಾರು 750 ಮಿಲಿ ಲೀಟರ್ ರಕ್ತ ಕಳುಹಿಸುತ್ತದೆ.

● ಗೆಡ್ಡೆಗೂ ರಕ್ತ ಬೇಕು. ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗಬೇಕಾದರೆ ಗೆಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳಬೇಕು ಎಂದು 1971ರಲ್ಲಿ ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್ ವಾದಿಸಿದರು. ಆಗ ನಂಬಿದವರು ಕಡಿಮೆ. ಇಂದು ಅದು ಪಠ್ಯಪುಸ್ತಕದ ಪಾಠ. ಹಾಗೆ ಆತುರದಲ್ಲಿ ಹುಟ್ಟಿದ ನಾಳಗಳ ಗೋಡೆ ತೆಳು, ಹೆಣಿಗೆ ಸಡಿಲ, ದಾರಿ ಅಂಕುಡೊಂಕು. ಗ್ಲಿಯೊಬ್ಲಾಸ್ಟೊಮ ಎಂಬ ಉಗ್ರ ಗೆಡ್ಡೆಯಲ್ಲಿ ಇವು ಸುರುಳಿಸುತ್ತಿ ಗಂಟುಗಂಟಾಗಿರುತ್ತವೆ. ಬೆಳವಣಿಗೆಯ ವೇಗಕ್ಕೆ ರಕ್ತ ಸಾಲದೆ ಗೆಡ್ಡೆಯ ಒಳಭಾಗ ಸಾಯುತ್ತ ಹೋಗುತ್ತದೆ, ಸತ್ತ ಭಾಗದ ನಾಳಗಳು ಒಡೆಯುತ್ತವೆ. ತನ್ನನ್ನು ಬೆಳೆಸಿದ ನಾಳಗಳೇ ಗೆಡ್ಡೆಯನ್ನು ಒಳಗಿನಿಂದ ಸೀಳುತ್ತವೆ.

● ಮಿದುಳಿನಲ್ಲಿ ರಕ್ತಸ್ರಾವವಾಗಿ ಬರುವವರಲ್ಲಿ ಗೆಡ್ಡೆಯೇ ಕಾರಣವಾಗಿರುವುದು ನೂರಕ್ಕೆ ಹತ್ತು ಮಂದಿಗಿಂತ ಕಡಿಮೆ. ಹೆಚ್ಚಿನವರಲ್ಲಿ ಅಪರಾಧಿ ರಕ್ತದೊತ್ತಡವೇ. ಈ ಲೆಕ್ಕದಿಂದಲೇ ಗೆಡ್ಡೆಯ ಸಾಧ್ಯತೆ ಮರೆತುಹೋಗುವ ಅಪಾಯವೂ ಇದೆ.

● ಎಲ್ಲ ಗೆಡ್ಡೆಗಳೂ ಒಂದೇ ರೀತಿ ರಕ್ತ ಸುರಿಸುವುದಿಲ್ಲ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮ ಅಪರೂಪಕ್ಕೆ ಒಡೆಯುತ್ತದೆ. ಬೇರೆ ಅಂಗದ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಅಪಾಯ ಹೆಚ್ಚು. ಅದರಲ್ಲೂ ಚರ್ಮದ ಮೆಲನೋಮ, ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ಕ್ಯಾನ್ಸರ್, ಗರ್ಭಕ್ಕೆ ಸಂಬಂಧಿಸಿದ ಕೊರಿಯೊಕಾರ್ಸಿನೋಮ ರಕ್ತಸ್ರಾವಕ್ಕೆ ಕುಖ್ಯಾತ. ಶ್ವಾಸಕೋಶದ ಕ್ಯಾನ್ಸರ್‌ಗೆ ಆ ಪ್ರವೃತ್ತಿ ಅಷ್ಟಿಲ್ಲ. ಆದರೆ ಅದು ಮಿದುಳಿಗೆ ಹರಡುವುದೇ ಅತಿ ಹೆಚ್ಚಾದ್ದರಿಂದ ಆಸ್ಪತ್ರೆಗಳಲ್ಲಿ ಅದರ ರೋಗಿಗಳೇ ಹೆಚ್ಚು ಕಾಣುತ್ತಾರೆ.

● ಮಿದುಳಿನ ರಕ್ತಸ್ರಾವಕ್ಕೆ ಕಾರಣವೇನೆಂದು ಗರ್ಭಧಾರಣೆಯ ಪರೀಕ್ಷೆಯೇ ಹೇಳಿಬಿಡುವ ಸಂದರ್ಭವೊಂದಿದೆ! ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಕಾರಣ ತಿಳಿಯದೆ ಮಿದುಳಿನಲ್ಲಿ ರಕ್ತ ಸೋರಿದರೆ, ವಿಶೇಷವಾಗಿ ಹಿಂದಿನ ತಿಂಗಳುಗಳಲ್ಲಿ ಗರ್ಭಪಾತವೋ ಹೆರಿಗೆಯೋ ಆಗಿದ್ದರೆ, ಎಚ್‌ಸಿಜಿ ಹಾರ್ಮೋನಿನ ಪರೀಕ್ಷೆ ಮಾಡಿಸುತ್ತಾರೆ. ಅದು ವಿಪರೀತ ಹೆಚ್ಚಿದ್ದರೆ ಕೊರಿಯೊಕಾರ್ಸಿನೋಮದ ಅನುಮಾನ ಬಲವಾಗುತ್ತದೆ. ಇದು ತಿಳಿದರೆ ದೊಡ್ಡ ಉಪಕಾರ, ಏಕೆಂದರೆ ಔಷಧದಿಂದಲೇ ಗುಣವಾಗಬಲ್ಲ ಕ್ಯಾನ್ಸರ್ ಅದು. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಮೆಥೊಟ್ರೆಕ್ಸೇಟ್ ಕೊಟ್ಟು ಇದನ್ನು ಗುಣಪಡಿಸಿದ್ದು ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದ ದೊಡ್ಡ ತಿರುವು. ಶಸ್ತ್ರಚಿಕಿತ್ಸಕರು ರಕ್ತ ತೆಗೆದು ಜೀವ ಹಿಡಿದು ನಿಲ್ಲಿಸುತ್ತಾರೆ, ಉಳಿದ ಕೆಲಸ ಔಷಧದ್ದು.

● ತಲೆಯೊಳಗಿನ ಒತ್ತಡ ಅಪಾಯದ ಮಟ್ಟ ಮುಟ್ಟಿದಾಗ ರಕ್ತದೊತ್ತಡ ಏರುತ್ತದೆ, ಆದರೆ ನಾಡಿ ನಿಧಾನವಾಗುತ್ತದೆ, ಉಸಿರು ಏರುಪೇರಾಗುತ್ತದೆ. ಇದನ್ನು ಗುರುತಿಸಿದವರು ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್. ಈ ಅಂಕಣದಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ, ಬರಲೇಬೇಕು.

● ಮೂರ್ಛೆಹೋದವರ ರೆಪ್ಪೆ ಎತ್ತಿ ವೈದ್ಯರು ಟಾರ್ಚ್ ಬಿಡುವುದು ಏಕೆ? ಒತ್ತಡಕ್ಕೆ ಮಿದುಳು ಒಂದು ಬದಿಗೆ ಜಾರಿದರೆ ಮೂರನೆಯ ಕಪಾಲ ನರ ಹಿಚುಕಿಹೋಗಿ ಆ ಕಡೆಯ ಕಣ್ಣಿನ ಪಾಪೆ ಹಿಗ್ಗಿ ನಿಲ್ಲುತ್ತದೆ, ಬೆಳಕಿಗೂ ಕುಗ್ಗುವುದಿಲ್ಲ. ಆಗ ಉಳಿದಿರುವುದು ನಿಮಿಷಗಳು.

● ಅಕ್ಟೋಬರ್ 1 ಈ ಕಥೆಯಲ್ಲಿ ಎರಡು ಸಲ ಬರುತ್ತದೆ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಕುಶಿಂಗ್, ವಿಲಿಯಂ ಬೋವಿ ರೂಪಿಸಿದ ವಿದ್ಯುತ್ ಉಪಕರಣದಿಂದ ರಕ್ತನಾಳಗಳನ್ನು ಸುಟ್ಟು ಮುಚ್ಚುತ್ತ ತಲೆಯ ಗೆಡ್ಡೆಯೊಂದನ್ನು ತೆಗೆದರು. ಅದೇ ರೋಗಿಗೆ ಕೆಲವೇ ದಿನಗಳ ಹಿಂದೆ ಶುರುಮಾಡಿದ್ದ ಶಸ್ತ್ರಚಿಕಿತ್ಸೆಯನ್ನು ರಕ್ತ ನಿಲ್ಲದ ಕಾರಣ ಅರ್ಧಕ್ಕೇ ಬಿಡಬೇಕಾಗಿತ್ತು. ಸರಿಯಾಗಿ 45 ವರ್ಷಗಳ ಮೇಲೆ, 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಜಗತ್ತಿನ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆಯಿತು. ಮಿದುಳಿನ ಮುಂಭಾಗದಲ್ಲಿ ಗೆಡ್ಡೆಯ ಅನುಮಾನವಿದ್ದ ಮಹಿಳೆ ಆಕೆ. ಯಂತ್ರ ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪನಿಯ ಎಂಜಿನಿಯರ್. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಂತು.

ಸಿಟಿ ಸ್ಕ್ಯಾನ್‌ಗೂ ಮುಂಚೆ ತಲೆಯೊಳಗೆ ರಕ್ತ ಸೋರಿದೆಯೇ, ಎಲ್ಲಿ, ಎಷ್ಟು ಎಂದು ಬುರುಡೆ ತೆರೆಯದೆ ನೇರವಾಗಿ ನೋಡುವ ದಾರಿಯೇ ಇರಲಿಲ್ಲ. ಇವತ್ತು ಜಿಲ್ಲಾಸ್ಪತ್ರೆಯಲ್ಲೂ ಸಿಟಿ ಸಿಗುತ್ತದೆ. ಹೊಸ ರಕ್ತ ಅದರಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

● ಸ್ಕ್ಯಾನ್ ಬರುವುದಕ್ಕೆ ಬಹಳ ಮುನ್ನ ವೈದ್ಯರು ಗೆಡ್ಡೆಯ ಜಾಗವನ್ನು ಬರೀ ಪರೀಕ್ಷೆಯಿಂದ ಊಹಿಸುತ್ತಿದ್ದರು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಮೊದಲ ಬಾರಿಗೆ ಗ್ಲಿಯೋಮ ಎಂಬ ಮಿದುಳಿನ ಗೆಡ್ಡೆಯೊಂದನ್ನು ತೆಗೆದದ್ದು ಹೀಗೆಯೇ. ಯಾವ ಸ್ನಾಯು ಸೆಟೆಯುತ್ತದೆ, ಯಾವುದು ಸೋತಿದೆ ಎಂದು ನೋಡಿ ವೈದ್ಯ ಹ್ಯೂಸ್ ಬೆನೆಟ್ ಜಾಗ ಗುರುತಿಸಿದ್ದರು. ಗೆಡ್ಡೆ ಅಲ್ಲೇ ಸಿಕ್ಕಿತು. ರೋಗಿ 28 ದಿನಗಳ ನಂತರ ಸೋಂಕಿನಿಂದ ತೀರಿಕೊಂಡ.

● ಅಮೆರಿಕದ ಸಂಗೀತ ಸಂಯೋಜಕ ಜಾರ್ಜ್ ಗೆರ್ಶ್ವಿನ್ 1937ರ ಜುಲೈ 11ರಂದು, 38ನೇ ವಯಸ್ಸಿನಲ್ಲಿ, ಮಿದುಳಿನ ಗೆಡ್ಡೆಗೆ ಬಲಿಯಾದರು. ತಿಂಗಳುಗಳಿಂದ ಅವರಿಗೆ ಆಗಾಗ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಮಿದುಳಿನ ಪಕ್ಕದ ಹಾಲೆ ಕೆರಳಿದಾಗ ಇಲ್ಲದ ವಾಸನೆ ಹೀಗೆ ಮೂಗಿಗೆ ಬಡಿಯುತ್ತದೆ. ಜುಲೈ 9ರಂದು ಕುಸಿದು ಕೋಮಾಕ್ಕೆ ಹೋದರು. ಆ ಕಾಲದ ಹೆಸರಾಂತ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಚೆಸಪೀಕ್ ಕೊಲ್ಲಿಯಲ್ಲಿ ದೋಣಿಯಲ್ಲಿದ್ದರು. ಅವರನ್ನು ಹುಡುಕಿಸಿ ವಿಮಾನ ಹತ್ತಿಸಿದರೂ ಪಶ್ಚಿಮ ಕರಾವಳಿ ತಲುಪುವಷ್ಟು ಸಮಯವಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲೇ ಹೋವರ್ಡ್ ನಾಫ್‌ಜಿಗರ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆ ಮಾಡಿದರು. ಅದು ದ್ರವ ತುಂಬಿದ ಚೀಲವಿದ್ದ ಗೆಡ್ಡೆ. ಒಳಗೆ ತುಂಬುವುದು ರಕ್ತವಾಗಲಿ ದ್ರವವಾಗಲಿ, ಬುರುಡೆಯೊಳಗಿನ ಲೆಕ್ಕ ಒಂದೇ. ಸಿಟಿ ಸ್ಕ್ಯಾನ್ ಇನ್ನೂ 34 ವರ್ಷ ದೂರವಿತ್ತು.

● ಹೊಸ ರಕ್ತ ಗೆಡ್ಡೆಯನ್ನು ಮುಚ್ಚಿಹಾಕುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ ಬರೀ ರಕ್ತಸ್ರಾವ ಕಂಡರೂ ಅನುಭವಿ ವೈದ್ಯರು ಕೆಲವು ಸುಳಿವು ಹುಡುಕುತ್ತಾರೆ: ಸೋರಿದ ರಕ್ತಕ್ಕೆ ಹೋಲಿಸಿದರೆ ಸುತ್ತಲಿನ ಬಾವು ಮೊದಲ ದಿನವೇ ಅತಿಯಾಗಿದೆಯೇ? ರಕ್ತದೊತ್ತಡದವರಿಗೆ ಸಾಮಾನ್ಯವಾಗಿ ಸೋರದ ಜಾಗದಲ್ಲಿ ಸೋರಿದೆಯೇ? ಒಂದಕ್ಕಿಂತ ಹೆಚ್ಚು ಕಡೆ ಇದೆಯೇ? ಅನುಮಾನ ಬಂದರೆ ಬಣ್ಣದ್ರವ ಕೊಟ್ಟು ಎಂಆರ್‌ಐ ಮಾಡಿಸುತ್ತಾರೆ. ಆಗಲೂ ಸ್ಪಷ್ಟವಾಗದಿದ್ದರೆ ಹಲವು ವಾರ ಬಿಟ್ಟು, ರಕ್ತ ಕರಗಿದ ಮೇಲೆ, ಮತ್ತೊಮ್ಮೆ. ‘ಗುಣವಾಗಿದ್ದಾರಲ್ಲ, ಇನ್ನೊಂದು ಸ್ಕ್ಯಾನ್ ಯಾಕೆ’ ಎಂದು ಆ ಎರಡನೆಯ ಎಂಆರ್‌ಐ ಬಿಟ್ಟುಬಿಡುವವರು ಬಹಳ. ದಯವಿಟ್ಟು ಬಿಡಬೇಡಿ. ಅದು ಹುಡುಕುವುದು ಮೊದಲ ಸ್ಕ್ಯಾನಿಗೆ ಕಾಣದೇ ಹೋದದ್ದನ್ನು.

● ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಹೆಪ್ಪುಗಟ್ಟಿದ ರಕ್ತವನ್ನೂ ಅದರ ಅಂಚಿನ ಮಿದುಳಿನ ಚೂರನ್ನೂ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗೆಡ್ಡೆಯ ಜೀವಕೋಶಗಳು ಆ ಅಂಚಿನಲ್ಲಿ ಅಡಗಿರುತ್ತವೆ.

● ಗೆಡ್ಡೆಯ ಚೂರನ್ನು ಗಾಜಿನ ಮೇಲೆ ಒತ್ತಿ ಹರಡಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಬಗೆಯದೆಂದು ಹೇಳುವ ಕ್ರಮವನ್ನು 1930ರಲ್ಲಿ ಪ್ರಕಟಿಸಿದವರು ಲೂಯಿಸ್ ಐಸನ್‌ಹಾರ್ಟ್ ಮತ್ತು ಕುಶಿಂಗ್. ಐಸನ್‌ಹಾರ್ಟ್ ಮೊದಲು ಕುಶಿಂಗ್ ಅವರ ಕಚೇರಿಯ ಸಹಾಯಕಿ. ಆಮೇಲೆ ವೈದ್ಯಕೀಯ ಓದಿ, ಅವರ ಎರಡು ಸಾವಿರಕ್ಕೂ ಹೆಚ್ಚು ಗೆಡ್ಡೆಗಳ ದಾಖಲೆಯನ್ನು ಕಾಪಾಡಿ, 1944ರಲ್ಲಿ ಶುರುವಾದ ‘ಜರ್ನಲ್ ಆಫ್ ನ್ಯೂರೋಸರ್ಜರಿ’ಯ ಮೊದಲ ಸಂಪಾದಕಿಯಾದರು. ಗೆಡ್ಡೆಗಳನ್ನು ತೆಗೆದವರ ಹೆಸರು ಎಲ್ಲರಿಗೂ ಗೊತ್ತು, ಅವು ಏನೆಂದು ಹೇಳಿದವರ ಹೆಸರೂ ಗೊತ್ತಿರಬೇಕು.

● ಗೆಡ್ಡೆಯೊಳಗಿನ ರಕ್ತಸ್ರಾವದಲ್ಲಿ ಅತ್ಯಂತ ನಾಟಕೀಯವಾದದ್ದೂ ಅತ್ಯಂತ ಹೆಚ್ಚು ಸಲ ತಪ್ಪಾಗಿ ಅರ್ಥವಾಗುವುದೂ ಪಿಟ್ಯುಟರಿ ಗ್ರಂಥಿಯದು. ಮೂಗಿನ ಹಿಂದೆ, ಮಿದುಳಿನ ತಳದಲ್ಲಿ, ಮೂಳೆಯ ಪುಟ್ಟ ಗುಳಿಯಲ್ಲಿ ಕುಳಿತ ಈ ಗ್ರಂಥಿ ಕಡಲೆಕಾಳಿನಷ್ಟಿದೆ, ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳೆಲ್ಲ ಇದರ ಅಪ್ಪಣೆಯಂತೆ ನಡೆಯುತ್ತವೆ.

ಮರಣೋತ್ತರ ಪರೀಕ್ಷೆ ಮಾಡಿದಾಗ ಸುಮಾರು ಹತ್ತಕ್ಕೆ ಒಬ್ಬರಲ್ಲಿ ಈ ಗ್ರಂಥಿಯಲ್ಲಿ ಸಣ್ಣ ಗೆಡ್ಡೆ ಕಾಣುತ್ತದೆ. ಬಹುಪಾಲು ಜನರಿಗೆ ಅದರಿಂದ ಜೀವನವಿಡೀ ಏನೂ ಆಗಿರುವುದಿಲ್ಲ. ಆದರೆ ಒಂದು ಸೆಂಟಿಮೀಟರ್ ದಾಟಿದ ಗೆಡ್ಡೆಗಳಲ್ಲಿ ಕೆಲವು ಒಂದು ದಿನ ಇದ್ದಕ್ಕಿದ್ದಂತೆ ಒಳಗೇ ರಕ್ತ ಸುರಿಸಿ ಊದಿಕೊಳ್ಳುತ್ತವೆ, ಇಲ್ಲವೇ ರಕ್ತ ಸಾಲದೆ ಸಾಯುತ್ತವೆ. ವೈದ್ಯರ ಬಾಯಲ್ಲಿ ಇದು ಪಿಟ್ಯುಟರಿ ಅಪೊಪ್ಲೆಕ್ಸಿ. 1898ರಲ್ಲಿ ಅಮೆರಿಕದ ಪಿಯರ್ಸ್ ಬೇಲಿ ಇಂಥ ಮೊದಲ ರೋಗಿಯ ವಿವರ ಬರೆದರು. 1950ರಲ್ಲಿ ಬ್ರೂಮ್, ಹ್ಯೂಸ್ನರ್, ಆಡಮ್ಸ್ ಇದಕ್ಕೆ ಈಗಿನ ಹೆಸರು ಕೊಟ್ಟರು.

● ಪಿಟ್ಯುಟರಿ ಕುಳಿತ ಆ ಗುಳಿಯ ನೆತ್ತಿಯಲ್ಲೇ ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುತ್ತವೆ. ಊದಿದ ಗೆಡ್ಡೆ ಮೇಲಕ್ಕೆ ಒತ್ತಿದರೆ ಎರಡೂ ಬದಿಯ ಅಂಚಿನ ನೋಟ ಹೋಗುತ್ತದೆ. ಎದುರಿನವರ ಮುಖ ಕಾಣುತ್ತದೆ, ಪಕ್ಕದಲ್ಲಿ ಬರುವ ಬೈಕು ಕಾಣುವುದಿಲ್ಲ. ಪಕ್ಕಕ್ಕೆ ಒತ್ತಿದರೆ ಕಣ್ಣು ಆಡಿಸುವ ನರಗಳು ಸೋತು ರೆಪ್ಪೆ ಜೋತು ಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇವೆಲ್ಲದರ ಜೊತೆ ಸಹಿಸಲಾಗದ ತಲೆನೋವು, ವಾಂತಿ.

ಮೈಗ್ರೇನ್ ಎಂದು ಮಾತ್ರೆ ನುಂಗಿ ಮಲಗುವವರಿದ್ದಾರೆ. ಕುತ್ತಿಗೆಯೂ ಬಿಗಿದಿದ್ದರೆ ಮಿದುಳುಜ್ವರವೆಂದು ಭಾವಿಸುವುದೂ ಉಂಟು. ಸಾದಾ ಸಿಟಿ ಸ್ಕ್ಯಾನ್‌ನಲ್ಲೂ ಇದು ಕೆಲವು ಸಲ ತಪ್ಪಿಸಿಕೊಳ್ಳುತ್ತದೆ, ಎಂಆರ್‌ಐ ಬೇಕು. ಸಿಡಿಲೆರಗಿದಂಥ ತಲೆನೋವಿನ ಜೊತೆ ಕಣ್ಣು ಮಂಜಾದರೆ ಅಥವಾ ರೆಪ್ಪೆ ಜೋತರೆ ‘ನಾಳೆ ನೋಡೋಣ’ ಎನ್ನಬಾರದು. ಕನ್ನಡಕದ ಅಂಗಡಿಗೂ ಹೋಗಬಾರದು. 108ಕ್ಕೆ ಕರೆಮಾಡಿ, ಎಂಆರ್‌ಐ ಇರುವ ಆಸ್ಪತ್ರೆಗೆ ಹೋಗಬೇಕು.

● ಇಲ್ಲಿ ಮೊದಲ ಚಿಕಿತ್ಸೆ ಚಾಕುವಲ್ಲ, ಒಂದು ಇಂಜೆಕ್ಷನ್. ಒಡೆದ ಗ್ರಂಥಿಯ ಅಪ್ಪಣೆ ನಿಂತುಹೋದರೆ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನು ನಿಲ್ಲಿಸುತ್ತದೆ. ಅಪೊಪ್ಲೆಕ್ಸಿಯಾದ ಅರ್ಧಕ್ಕೂ ಹೆಚ್ಚು ಜನರಲ್ಲಿ ಹೀಗಾಗುತ್ತದೆ. ಕಾರ್ಟಿಸಾಲ್ ಇಲ್ಲದೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು, ಮಿದುಳಿಗೆ ಅಷ್ಟೇನೂ ಪೆಟ್ಟಾಗದಿದ್ದರೂ. ಅದಕ್ಕೇ 2011ರ ಬ್ರಿಟನ್ನಿನ ಮಾರ್ಗಸೂಚಿ ರೋಗಿ ಅಸ್ಥಿರವಾಗಿದ್ದರೆ, ಪ್ರಜ್ಞೆ ಮಂಕಾಗಿದ್ದರೆ ಅಥವಾ ದೃಷ್ಟಿ ತೀವ್ರವಾಗಿ ಕೆಟ್ಟಿದ್ದರೆ ತಡಮಾಡದೆ 100ರಿಂದ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ರಕ್ತನಾಳಕ್ಕೆ ಕೊಡಲು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಅಗ್ಗದ ಔಷಧವಿದು. ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ತಟ್ಟಿದ ಸಂಗತಿ ಇದೇ: ದೊಡ್ಡ ಊರಿನ ದೊಡ್ಡ ಶಸ್ತ್ರಚಿಕಿತ್ಸೆಗಿಂತ ಮುಂಚೆ, ಹತ್ತಿರದ ಊರಿನ ಸಣ್ಣ ಇಂಜೆಕ್ಷನ್ ಜೀವ ಕಾಯುತ್ತದೆ.

● ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ. ದೃಷ್ಟಿ ಚೆನ್ನಾಗಿದ್ದು ಪ್ರಜ್ಞೆಯೂ ಸರಿಯಿದ್ದರೆ ಹಾರ್ಮೋನು ಕೊಟ್ಟು, ಕಣ್ಣನ್ನು ದಿನವೂ ಪರೀಕ್ಷಿಸುತ್ತ ಕಾಯಬಹುದು. ರಕ್ತ ತಾನೇ ಕರಗಿ ಗೆಡ್ಡೆ ಕುಗ್ಗುವುದೂ ಇದೆ. ದೃಷ್ಟಿ ತೀವ್ರವಾಗಿ ಇಳಿದಿದ್ದರೆ, ಇಳಿಯುತ್ತಲೇ ಇದ್ದರೆ ಕಾಯುವಂತಿಲ್ಲ. ಸಾಧ್ಯವಾದರೆ ಏಳು ದಿನಗಳೊಳಗೆ ಒತ್ತಡ ಇಳಿಸಬೇಕು ಎಂಬುದು ಅದೇ ಮಾರ್ಗಸೂಚಿಯ ಮಾತು.

● ಮಿದುಳಿನ ತಳದ ಈ ಗೆಡ್ಡೆಯನ್ನು ಬುರುಡೆ ತೆರೆಯದೆ, ಮೂಗಿನ ಹೊಳ್ಳೆಯ ಮೂಲಕವೇ ತೆಗೆಯುತ್ತಾರೆ. ಮೂಗಿನ ಹಿಂದಿನ ಗಾಳಿಗೂಡನ್ನು ದಾಟಿ, ಗುಳಿಯ ತೆಳು ಮೂಳೆಯನ್ನು ಬಿಡಿಸಿ, ಹೊದಿಕೆ ಸೀಳಿದಾಗ ಒತ್ತಡದಲ್ಲಿದ್ದ ಹಳೆಯ ರಕ್ತ ಮತ್ತು ಕರಗಿದ ಗೆಡ್ಡೆ ತಾನಾಗಿಯೇ ಹೊರಗೆ ಬರುತ್ತದೆ. ಉಳಿದದ್ದನ್ನು ಉಂಗುರದಂಥ ಪುಟ್ಟ ಸಲಕರಣೆಯಿಂದ ಕೆರೆದು ಹೀರಿ ತೆಗೆಯುತ್ತಾರೆ. ಮುಖದ ಮೇಲೆ ಗಾಯದ ಗುರುತೂ ಉಳಿಯುವುದಿಲ್ಲ.

ಈ ದಾರಿ ಹೇಗೆ ಉಳಿದುಬಂತು ಎನ್ನುವುದು ಕೇಳಬೇಕಾದ ಕಥೆ. 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹೆರ್ಮನ್ ಶ್ಲಾಫರ್ ಮೂಗನ್ನೇ ಪಕ್ಕಕ್ಕೆ ಮಗುಚಿ ಪಿಟ್ಯುಟರಿ ತಲುಪಿದರು. 1910ರಲ್ಲಿ ವಿಯೆನ್ನಾದ ಕಿವಿ-ಮೂಗು-ಗಂಟಲು ತಜ್ಞ ಆಸ್ಕರ್ ಹಿರ್ಷ್ ಹೊರಗೆ ಕೊಯ್ಯದೆ ಹೊಳ್ಳೆಯೊಳಗಿಂದಲೇ ಹೋಗಿ ತೋರಿಸಿದರು. (ಮುಂದೆ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಈ ಯಹೂದಿ ವೈದ್ಯ ದೇಶ ಬಿಟ್ಟು ಬಾಸ್ಟನ್ ಸೇರಬೇಕಾಯಿತು.) ಕುಶಿಂಗ್ ಮೇಲ್ತುಟಿಯ ಒಳಗಿಂದ ಮೂಗಿಗೆ ಹೋಗುವ ದಾರಿ ಹಿಡಿದು 1910ರಿಂದ 1925ರೊಳಗೆ 231 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಸಾವಿನ ಪ್ರಮಾಣ ಶೇ 5.6. ಆ ಕಾಲಕ್ಕೆ ಅಚ್ಚರಿಯ ಸಂಖ್ಯೆ ಅದು, ಪ್ರತಿಜೈವಿಕ ಔಷಧಗಳೂ ಇರಲಿಲ್ಲ, ಸ್ಟೀರಾಯ್ಡೂ ಇರಲಿಲ್ಲ.

ಆಮೇಲೆ ಅವರೇ ಮೂಗಿನ ದಾರಿ ಬಿಟ್ಟು ಬುರುಡೆ ತೆರೆಯುವತ್ತ ತಿರುಗಿದರು. ಆಳದ ಕತ್ತಲಲ್ಲಿ ಕಣ್ಣಿನ ನರ ಕಾಣುವುದಿಲ್ಲ, ರಕ್ತ ಬಂದರೆ ನಿಲ್ಲಿಸುವುದು ಕಷ್ಟ ಎಂಬ ಕಾರಣಗಳಿದ್ದವು. ಗುರು ತಿರುಗಿದ ಕಡೆಗೆ ಜಗತ್ತೂ ತಿರುಗಿತು. ಮೂಗಿನ ದಾರಿ ಬಹುತೇಕ ಮುಚ್ಚಿಯೇಹೋಯಿತು. ಬಾಸ್ಟನ್ನಿನಲ್ಲಿ ಕುಶಿಂಗ್ ಬಳಿ ಕಲಿತು ಎಡಿನ್‌ಬರೋಗೆ ಮರಳಿದ್ದ ನಾರ್ಮನ್ ಡಾಟ್ ಮಾತ್ರ ಅದನ್ನು ಬಿಡಲಿಲ್ಲ. ಮೂಗಿನೊಳಗೆ ಇಡುವ ಸಲಕರಣೆಗೇ ಬೆಳಕು ಜೋಡಿಸಿಕೊಂಡು ಮುಂದುವರಿಸಿದರು. 1950ರ ದಶಕದಲ್ಲಿ ಪ್ಯಾರಿಸ್ಸಿನ ಜೆರಾರ್ ಗಿಯೋ, ಡಾಟ್ ಬಳಿಗೆ ಬಂದು ನೋಡಿ ಕಲಿತರು. ಗಿಯೋ ಬಳಿ ಕಲಿತ ಜೂಲ್ ಹಾರ್ಡಿ 1960ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಇದಕ್ಕೆ ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕ ಸೇರಿಸಿದರು. ಕತ್ತಲೆಯ ಸಮಸ್ಯೆ ಅಲ್ಲಿಗೆ ಮುಗಿಯಿತು, ಜಗತ್ತು ಮತ್ತೆ ಮೂಗಿನ ದಾರಿಗೆ ಬಂತು. 1990ರ ದಶಕದಲ್ಲಿ ಎಂಡೋಸ್ಕೋಪ್ ಬಂದಮೇಲೆ ಮೂಲೆಮೂಲೆಯೂ ಕಾಣತೊಡಗಿತು. ಎಲ್ಲರೂ ಕೈಬಿಟ್ಟದ್ದನ್ನು ಹಿಡಿದುಕೊಂಡು ಕುಳಿತ ಡಾಟ್ ಅವರ ಋಣ ಇವತ್ತಿನ ಎಷ್ಟೋ ರೋಗಿಗಳ ದೃಷ್ಟಿಯ ಮೇಲಿದೆ ಎಂದು ನಾನು ನಂಬಿದ್ದೇನೆ.

● ಗೆಡ್ಡೆ ತೆಗೆದ ತೂತನ್ನು ಮುಚ್ಚಲು ರೋಗಿಯ ಹೊಟ್ಟೆ ಅಥವಾ ತೊಡೆಯ ಕೊಬ್ಬಿನ ಚೂರನ್ನೇ ಬಳಸುವುದುಂಟು. 2006ರಲ್ಲಿ ಅರ್ಜೆಂಟೀನಾದ ಹದಾದ್ ಮತ್ತು ಸಂಗಡಿಗರು ಮೂಗಿನ ನಡುಗೋಡೆಯ ಪೊರೆಯನ್ನೇ ರಕ್ತನಾಳ ಸಮೇತ ಬಿಡಿಸಿ ಮಡಚಿ ಹಾಸುವ ವಿಧಾನ ಪ್ರಕಟಿಸಿದ ಮೇಲೆ ಮಿದುಳಿನ ದ್ರವ ಮೂಗಿನಿಂದ ಸೋರುವ ತೊಂದರೆ ಬಹಳ ತಗ್ಗಿತು. ಮನೆಗೆ ಹೋದ ಮೇಲೂ ಕೆಲವು ವಾರ ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

● ಪಿಟ್ಯುಟರಿ ಗೆಡ್ಡೆ ಒಡೆಯಲು ಕೆಲವು ನೆಪಗಳಿವೆ: ರಕ್ತ ತೆಳುಮಾಡುವ ಔಷಧ, ಹೃದಯದಂಥ ದೊಡ್ಡ ಶಸ್ತ್ರಚಿಕಿತ್ಸೆ, ಏರಿದ ರಕ್ತದೊತ್ತಡ, ಗರ್ಭಾವಸ್ಥೆ, ತಲೆಗೆ ಪೆಟ್ಟು. ಡೆಂಗ್ಯೂ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದಾಗ ಹೀಗಾದದ್ದನ್ನು ಭಾರತದ ವೈದ್ಯರೂ ದಾಖಲಿಸಿದ್ದಾರೆ. ಎಷ್ಟೋ ಸಲ ಯಾವ ನೆಪವೂ ಸಿಗುವುದಿಲ್ಲ.

● ಗೆಡ್ಡೆಯೇ ಇಲ್ಲದೆಯೂ ಈ ಗ್ರಂಥಿ ಹಾಳಾಗಬಹುದು. ನಮ್ಮ ಹೊಲಗದ್ದೆಗಳ ಕೊಳಕುಮಂಡಲ ಕಚ್ಚಿದಾಗ ಅದರ ವಿಷ ರಕ್ತದ ಹೆಪ್ಪುಗಟ್ಟುವಿಕೆಯನ್ನೇ ಕೆಡಿಸಿ ಪಿಟ್ಯುಟರಿಯಲ್ಲಿ ರಕ್ತ ಸುರಿಸಬಲ್ಲದು. ಬರ್ಮಾದ ರೋಗಿಗಳಲ್ಲಿ ಇದನ್ನು ಕಂಡ ವೈದ್ಯರು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ದಕ್ಷಿಣ ಭಾರತದಲ್ಲೂ ಇಂಥವರು ಸಿಕ್ಕಿದ್ದಾರೆ. ಹಾವು ಕಚ್ಚಿ ಬದುಕಿದವರು ತಿಂಗಳುಗಳ ಮೇಲೂ ಸುಸ್ತು, ಚಳಿ ತಡೆಯಲಾಗದು, ಮೈಕೂದಲು ಉದುರುತ್ತಿದೆ ಎಂದರೆ ಹಾರ್ಮೋನು ಪರೀಕ್ಷೆ ಮಾಡಿಸಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಇದೇ ಗ್ರಂಥಿ ಸಾಯುವುದನ್ನು 1937ರಲ್ಲಿ ಬ್ರಿಟನ್ನಿನ ಹೆರಾಲ್ಡ್ ಶೀಹನ್ ವಿವರಿಸಿದರು. ಎದೆಹಾಲು ಬಾರದಿರುವುದು, ಮುಟ್ಟು ಮರಳದಿರುವುದು ಅದರ ಮೊದಲ ಗುರುತುಗಳು.

● ಇನ್ನು ಮಿದುಳಿನ ಮೇಲ್ಭಾಗದ ಗೆಡ್ಡೆಗಳು. ಇಲ್ಲಿ ಬುರುಡೆಯ ಮೂಳೆ ಬಿಡಿಸಲೇಬೇಕು. ಅದಕ್ಕೂ ಮುಂಚೆ ಮ್ಯಾನಿಟಾಲ್ ದ್ರಾವಣ ಹರಿಸಿ ಮಿದುಳಿನ ನೀರಿನಂಶ ಎಳೆಯುತ್ತಾರೆ, ಗೆಡ್ಡೆಯ ಬಾವು ಇಳಿಸಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಎರಡನೆಯದು 1961ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರ ಕೊಡುಗೆ. ರೋಗಿ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಅದರ ಪರಿಣಾಮ ಅಳಿಸಬೇಕು. ಹಾಗಾಗಿ ಆಸ್ಪತ್ರೆಗೆ ಓಡುವಾಗ ಮಾತ್ರೆಗಳ ಚೀಲವನ್ನೂ ಹಿಡಿದುಕೊಂಡು ಹೋಗಿ.

● ಮೂಳೆಯಿಂದ ಜಿನುಗುವ ರಕ್ತ ನಿಲ್ಲಿಸಲು ಇಂದಿಗೂ ಮೇಣ ಹಚ್ಚುತ್ತಾರೆ. 1892ರಲ್ಲಿ ಅದನ್ನು ರೂಢಿಗೆ ತಂದವರು ಲಂಡನ್ನಿನ ವಿಕ್ಟರ್ ಹಾರ್ಸ್ಲಿ. ಮಿದುಳಿನ ನಾಳಗಳನ್ನು ದಾರದಲ್ಲಿ ಕಟ್ಟಲಾಗದು ಎಂದು 1911ರಲ್ಲಿ ಪುಟ್ಟ ಬೆಳ್ಳಿಯ ಕ್ಲಿಪ್ ಮಾಡಿಸಿದವರು ಮತ್ತದೇ ಕುಶಿಂಗ್. ಬುರುಡೆ ಕೊಯ್ಯಲು ದಶಕಗಳ ಕಾಲ ಬಳಸಿದ ಜಿಗ್ಲಿ ತಂತಿಗರಗಸವನ್ನು ರೂಪಿಸಿದ್ದು ಇಟಲಿಯ ಪ್ರಸೂತಿ ತಜ್ಞ, ಹೆರಿಗೆ ಕಷ್ಟವಾದಾಗ ಸೊಂಟದ ಮೂಳೆ ಕತ್ತರಿಸಲೆಂದು.

● ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮೊದಲು 5-ಎಎಲ್ಎ ಎಂಬ ದ್ರಾವಣ ಕುಡಿಸಿದರೆ ಉಗ್ರ ಗ್ಲಿಯೋಮದ ಜೀವಕೋಶಗಳು ನೀಲಿ ಬೆಳಕಿನಲ್ಲಿ ಗುಲಾಬಿಗೆಂಪಾಗಿ ಹೊಳೆಯುತ್ತವೆ. ಮೇಲೆ ರಕ್ತ ಹರಡಿದ್ದರೆ ಹೊಳಪು ಕಾಣದು. ಆದ್ದರಿಂದ ಒಡೆದ ಗೆಡ್ಡೆಯಲ್ಲಿ ಮೊದಲು ತೊಳೆದು, ರಕ್ತ ನಿಲ್ಲಿಸಿ, ಆಮೇಲೆ ದೀಪ ಬದಲಿಸುತ್ತಾರೆ.

● 1928ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ತನ್ನ ಸ್ವಂತ ಅಕ್ಕ ರೂತ್ ಅವರ ಮಿದುಳಿನ ಗೆಡ್ಡೆಯನ್ನು ತಾನೇ ತೆಗೆಯಬೇಕಾಯಿತು. ಬಲ ಮುಂಭಾಗದ ಹಾಲೆಯ ಬಹುಪಾಲನ್ನು ತೆಗೆದರೂ ಗೆಡ್ಡೆ ಪೂರ್ತಿ ಹೋಗಲಿಲ್ಲ. ಅದು ಆಲಿಗೊಡೆಂಡ್ರೊಗ್ಲಿಯೋಮ, ಸೂಕ್ಷ್ಮ ರಕ್ತನಾಳಗಳ ದಟ್ಟ ಬಲೆ ಇರುವುದರಿಂದ ರಕ್ತಸ್ರಾವಕ್ಕೆ ಹೆಸರಾದ ಬಗೆ. ಅಕ್ಕ ಮತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳೊಂದಿಗೆ ಬದುಕಿದರು. ಆ ನೋವು ಪೆನ್‌ಫೀಲ್ಡ್ ಅವರನ್ನು ಒಂದು ಸಂಸ್ಥೆ ಕಟ್ಟುವತ್ತ ತಳ್ಳಿತು. 1934ರಲ್ಲಿ ಮಾಂಟ್ರಿಯಲ್ ನ್ಯೂರಾಲಾಜಿಕಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಅಲ್ಲಿ ತರಬೇತಿ ಪಡೆದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡದ್ದು 1974ರಲ್ಲಿ. ಅದರ ಮೊದಲ ನಿರ್ದೇಶಕ ಆರ್. ಮಾರ್ತಾಂಡ ವರ್ಮ ಅವರೂ ನರಶಸ್ತ್ರಚಿಕಿತ್ಸಕರೇ.

● ನಿಮ್ಹಾನ್ಸ್ ಆವರಣದಲ್ಲಿ ಮಿದುಳಿನ ಸಂಗ್ರಹಾಲಯವಿದೆ, ಸಾರ್ವಜನಿಕರೂ ನೋಡಬಹುದು. ಗೆಡ್ಡೆ ಬೆಳೆದ ಮಿದುಳು, ರಕ್ತ ಸೋರಿದ ಮಿದುಳು ಎರಡೂ ಅಲ್ಲಿವೆ. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವೂ ಸಿಗುತ್ತದೆ. ಅಲ್ಲಿನ ಮಿದುಳು ಬ್ಯಾಂಕ್ ಕುಟುಂಬಗಳು ದಾನ ಕೊಟ್ಟ ಅಂಗಾಂಶಗಳನ್ನು ಸಂಶೋಧನೆಗಾಗಿ ಕಾಪಾಡುತ್ತದೆ. ಪ್ರೌಢಶಾಲೆಯ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

● ಮಿದುಳಿನ ಉಗ್ರ ಗೆಡ್ಡೆ ಇರುವವರಿಗೆ ತಲೆಯಲ್ಲಿ ರಕ್ತ ಸೋರುವ ಭಯ ಒಂದು ಕಡೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇನ್ನೊಂದು ಕಡೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ತಲೆಯಲ್ಲಿ ರಕ್ತ ಸೋರಿದವರಿಗೇ ಕೆಲವು ದಿನಗಳ ಮೇಲೆ ರಕ್ತ ತೆಳುಮಾಡುವ ಔಷಧವನ್ನು ಎಚ್ಚರದಿಂದ ಶುರುಮಾಡುವ ಸಂದರ್ಭ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ವಿಚಿತ್ರವೆನಿಸಬಹುದು, ಅದು ಅಳೆದು ತೂಗಿ ಮಾಡಿದ ತೀರ್ಮಾನ.

● ಪಿಟ್ಯುಟರಿಯ ಒತ್ತಡ ಇಳಿದ ಮೇಲೆ ಯಾವುದು ಮರಳುತ್ತದೆ, ಯಾವುದು ಮರಳುವುದಿಲ್ಲ? ನೋಟ ಬೇಗ ಸುಧಾರಿಸಬಹುದು, ಕೆಲವರಿಗೆ ಮಾರನೆಯ ದಿನವೇ. ಜೋತ ರೆಪ್ಪೆ, ಎರಡಾಗಿ ಕಾಣುವ ತೊಂದರೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಎಷ್ಟೋ ಸಲ ಶಸ್ತ್ರಚಿಕಿತ್ಸೆ ಇಲ್ಲದೆಯೂ. ಹಾರ್ಮೋನುಗಳು ಮಾತ್ರ ಬಹಳ ಜನರಲ್ಲಿ ಪೂರ್ತಿ ಮರಳುವುದಿಲ್ಲ. ಥೈರಾಯ್ಡ್ ಮಾತ್ರೆ, ಹೈಡ್ರೊಕಾರ್ಟಿಸೋನ್ ಮಾತ್ರೆ ಜೀವನಪರ್ಯಂತ ಬೇಕಾಗಬಹುದು. ಕಾರ್ಟಿಸಾಲ್ ಸರಿಪಡಿಸುವ ಮೊದಲು ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಅಪಾಯ, ಆ ಕ್ರಮ ತಪ್ಪಬಾರದು.

● ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಹೈಡ್ರೊಕಾರ್ಟಿಸೋನ್ ನಿಲ್ಲಿಸುವವರಿದ್ದಾರೆ. ಇಲ್ಲಿ ಅದು ದೇಹ ಮಾಡಿಕೊಳ್ಳಲಾಗದ ಹಾರ್ಮೋನನ್ನು ಹೊರಗಿನಿಂದ ತುಂಬಿಕೊಡುವುದಷ್ಟೇ, ನಿಲ್ಲಿಸುವಂತಿಲ್ಲ. ಜ್ವರ ಬಂದ ದಿನಗಳಲ್ಲಿ ವೈದ್ಯರು ಹೇಳಿಕೊಟ್ಟಂತೆ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕು, ಸಾಮಾನ್ಯವಾಗಿ ಎರಡರಷ್ಟು. ಹಲ್ಲು ಕೀಳಿಸುವಾಗಲೂ ದಂತವೈದ್ಯರಿಗೆ ತಿಳಿಸಬೇಕು. ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಬರೆದ ಚೀಟಿ ಜೇಬಿನಲ್ಲಿರಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯುವಂತಿಲ್ಲ, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ನನ್ನೇ ಹಾಕಿಸಿಕೊಳ್ಳಬೇಕು.